ಎಡೆಗೊಂದು ಹೊಳೆಮೀನು

ನಾನು ಗಾಳ ಹಿಡಿದು ಹೊಳೆಗೆ ಹೊರಟರೆ ನಮ್ಮವ್ವ ಎರಡು ಸಲ ನಗುತ್ತಿದ್ದಳು. ಹೋಗುವಾಗ ಒಂದು ಸಲ, ಖಾಲಿ ಚೀಲ ತೂಗಾಡಿಸಿಕೊಂಡು ಬರುವಾಗ ಇನ್ನೊಂದು ಸಲ. ಗಾಳಕ್ಕೆ ನಮ್ಮ ಕಡೆ ಗಾಣ ಅನ್ನುತ್ತಾರೆ. "ಗಾಣ ಆಕೋನ್ಗೆ ಕುಂಡಿ ಊರಿ ಕೂರೋ ಗುಣ ಇರ್ಬೇಕು ಕಣಪ್ಪ. ನೀನು ಕುಂಡೀಲಿ ಮುಳ್ಳಿಟ್ಕಂಡೇ ಉಟ್ಟಿರೋನು. ನಿನ್ ಕೈಗೆ ಯಾವ್ ಮೀನು ಸಿಕ್ಕಾತು?" ಅನ್ನೋಳು. ಅಂದು, ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ತಳ್ಳಿಕೊಂಡು ಮತ್ತೆ ನಗೋಳು.

ಮಾತು ಸುಳ್ಳಲ್ಲ. ನಾನು ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಸೀಟಿ ಊದಿಕೊಂಡು ಮೈದಾನ ಸುತ್ತುವುದೇ ಕಸುಬಾದವನಿಗೆ ಕೂತು ಅಭ್ಯಾಸವಿಲ್ಲ. ಸ್ಟಾಫ್ ರೂಮಿನಲ್ಲಿ ಟೀ ಕೂಡ ನಿಂತೇ ಕುಡಿಯುತ್ತೇನೆ. ಮದುವೆ ಮನೆಯಲ್ಲಿ ಪಂಕ್ತಿ ಏಳುವ ಮೊದಲೇ ನಾನು ಕೈ ತೊಳೆದು ಹೊರಗೆ ಸ್ಕೂಟರಿನ ಪಕ್ಕ ಇರುತ್ತೇನೆ. ಬಿ.ಪಿ. ಏರಿದೆ ಅಂತ ನಂಜನಗೂಡಿನ ಡಾಕ್ಟರೊಬ್ಬರು ಹೇಳಿ, ಒಂದು ಕಡೆ ನೆಮ್ಮದಿಯಾಗಿ ಕೂರುವ ಹವ್ಯಾಸ ಏನಾದರೂ ಹಚ್ಚಿಕೊಳ್ಳಿ ಅಂದರು. ನಮ್ಮ ಸ್ಕೂಲಿನ ಗಣಿತದ ಮೇಷ್ಟ್ರಿಗೆ ಅಷ್ಟೇ ಸಾಕಾಯಿತು. ಅವನು ಸೋಮನಾಥಪುರದ ಕಡೆಯವನು, ನನ್ನ ವಯಸ್ಸಿನವನೇ, ಮೀನಿನ ಹುಚ್ಚ. ಮಾರನೆಯ ಭಾನುವಾರವೇ ನನ್ನ ಕೈಗೊಂದು ಫೈಬರ್ ಕೋಲು, ರೀಲು ಕೊಟ್ಟು ಕಪಿಲೆಯ ದಡಕ್ಕೆ ತಂದು ನಿಲ್ಲಿಸಿದ.

ಅಲ್ಲಿಂದ ಶುರುವಾಯಿತು ನೋಡಿ. ನೀರಿನ ಮೇಲೆ ಬೆಂಡು ಒಂಚೂರು ಅಲ್ಲಾಡಿದರೆ ಸಾಕು, ನಾನು ಎಳೆದುಬಿಡುತ್ತಿದ್ದೆ. ಮೀನು ಇನ್ನೂ ಮೂಸಿ ನೋಡುತ್ತಿರುತ್ತದೆ, ಬಾಯಿಗೆ ಹಾಕಿಕೊಂಡಿರುವುದಿಲ್ಲ. ಎಳೆದ ರಭಸಕ್ಕೆ ಗಾಳ ಹಿಂದಿನ ಹೊಂಗೆಮರಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಹತ್ತು ನಿಮಿಷ ಏನೂ ಆಗದಿದ್ದರೆ ಜಾಗ ಬದಲಾಯಿಸುತ್ತಿದ್ದೆ. "ನೀನು ಮೀನು ಇಡ್ಯಕ್ಕೆ ಬಂದಿದ್ದೀಯಾ, ಸೈಟ್ ನೋಡಕ್ಕೆ ಬಂದಿದ್ದೀಯಾ?" ಅಂತ ಗಣಿತದ ಮೇಷ್ಟ್ರು ಬೈಯೋನು. ಬೆರಳುದ್ದದ ಮರಿಗಳು ಸಿಕ್ಕಿದ್ದುಂಟು, ಅವನ್ನು ನೀರಿಗೇ ಬಿಟ್ಟು ಬರುತ್ತಿದ್ದೆ. ಮನೆಗೆ ತರುವಂಥ ಮೀನು ಒಂದೂ ಸಿಗಲಿಲ್ಲ. ಬಿ.ಪಿ.ಯೂ ಇಳಿಯಲಿಲ್ಲ.

ಒಂದು ದಿನ ಹಾಗೇ ಬರಿಗೈಲಿ ಬಂದೆ. ನಮ್ಮೂರು ಚಿಕ್ಕಯ್ಯನಛತ್ರ. ಮನೆ ಮುಂದೆ ಅವ್ವ ಅಕ್ಕನ ಜೊತೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಅಕ್ಕನನ್ನು ಇದೇ ಊರಿಗೆ ಕೊಟ್ಟಿದೆ, ಹಿಂದಿನ ಬೀದಿ, ದಿನಾ ಬರುತ್ತಾಳೆ. ಅವ್ವ ನನ್ನ ಚೀಲ ಇಸಕೊಂಡು ಒಳಗೆ ಕೈಹಾಕಿ ತಡಕಾಡಿದಳು. ಕೈಗೆ ಸಿಕ್ಕಿದ್ದು ಒಣಗಿದ ರಾಗಿಹಿಟ್ಟಿನ ಉಂಡೆ ಮಾತ್ರ. "ಬುಡು ಮಗ, ಬೇಜಾರ್ ಮಾಡ್ಕಬ್ಯಾಡ. ನೀನು ಇಡ್ದಿರೋ ಮೀನ ನಾನ್ ಸತ್ತ್‌ಮೇಲೆ ನನ್ನ ಎಡೆಗಿಕ್ಕು. ಅಷ್ಟೊತ್ಗಾದ್ರೂ ಒಂದು ಸಿಕ್ಕಾತು" ಅಂದಳು. ಮೂವರೂ ಬಿದ್ದುಬಿದ್ದು ನಕ್ಕೆವು. ಅದಾಗಿ ವರ್ಷ ತುಂಬುವುದರೊಳಗೆ ಅವ್ವ ಹೋಗಿಬಿಟ್ಟಳು.

ಪಕ್ಷ ಬಂತು. ಮಹಾಲಯ ಅಮಾವಾಸ್ಯೆಯ ದಿನ ನಮ್ಮಲ್ಲಿ ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ. ಅವರು ಏನೇನು ಇಷ್ಟಪಟ್ಟು ತಿನ್ನುತ್ತಿದ್ದರೋ ಅದನ್ನೆಲ್ಲ ಬಾಳೆಲೆಗೆ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿ ಮನೆಯವರೆಲ್ಲ ಹೊರಗೆ ಕೂರುತ್ತೇವೆ. ಒಳಗೆ ಹಿರಿಯರು ಬಂದು ಉಣ್ಣುತ್ತಾರೆ ಅಂತ ಲೆಕ್ಕ. ಸ್ವಲ್ಪ ಹೊತ್ತು ಬಿಟ್ಟು ಕೆಮ್ಮಿ, ಬಾಗಿಲು ತಟ್ಟಿ ತೆಗೆಯುತ್ತೇವೆ. ಅಪ್ಪನ ಎಡೆಯ ದಿನ ಪ್ರತಿವರ್ಷವೂ ಮೊದಲು ಏಳುತ್ತಿದ್ದವನು ನಾನೇ. ಹೊಟ್ಟೆ ಹಸಿಯುತ್ತಿರುತ್ತದೆ, ಒಳಗಿಂದ ಮಟನ್ ಸಾರಿನ ವಾಸನೆ ಬರುತ್ತಿರುತ್ತದೆ. ಅವ್ವ ಅಂಗಿಯ ಚುಂಗು ಹಿಡಿದು ಎಳೆದು ಕೂರಿಸೋಳು. "ಕುಂತ್ಕಳ್ಳೋ. ನಿಮ್ಮಪ್ಪ ಉಣ್ತಾವ್ನೆ."

ಈ ಸಲ ಅವ್ವನೇ ಒಳಗೆ ಬಂದು ಉಣ್ಣುವವಳು. ಪಕ್ಷ ಶುರುವಾದ ದಿನವೇ ಅಕ್ಕ ಬಂದು ಎದುರಿಗೆ ಕೂತಳು.

"ಅವ್ವ ಏನಂದಿದ್ಲು ಗ್ಯಾಪ್ಕ ಅದಾ?"

"ತಮಾಷೆಗಂದಿದ್ದು ಕಣಕ್ಕ."

"ತಮಾಷೆಗೋ ನಿಜಕ್ಕೋ, ಎಡೆಗಿಕ್ಕು ಅಂತ ಬಾಯ್ಬಿಟ್ಟು ಅಂದವ್ಳೆ. ಬದುಕಿದ್ದಾಗ ಅದು ಬೇಕು ಇದು ಬೇಕು ಅಂತ ಏನಾರ ಕೇಳಿದ್ಲಾ? ಮೊದಲ್ನೇ ಎಡೆ. ನೀನು ಇಡ್ದಿರೋ ಮೀನೇ ಆಗ್ಬೇಕು. ಅಂಗ್ಡೀಲಿ ತಂದ್ರೆ ನಾನು ಬೇಯ್ಸಲ್ಲ."

ನನಗೆ ಉರಿದುಹೋಯಿತು. ಮಳೆಗಾಲ, ಹೊಳೆಯಲ್ಲಿ ಹೊಸ ನೀರು, ಹೊಟ್ಟೆಪಾಡಿಗೆ ಬಲೆ ಬಿಡುವವರಿಗೇ ಮೀನು ಸಿಗದ ಕಾಲ. ಇವಳು ಆರಾಮಾಗಿ ಕಾಲು ಚಾಚಿ ಕೂತು ಆರ್ಡರ್ ಮಾಡುತ್ತಾಳೆ. "ನೀನೇ ಹೋಗಿ ಹಿಡಿ" ಅಂತ ರೇಗಿದೆ. ಅಕ್ಕ ಎದ್ದು, ಗೋಡೆಯ ಮೇಲಿನ ಅವ್ವನ ಫೋಟೋವನ್ನು ಸೆರಗಿನಲ್ಲಿ ಒರೆಸಿ ಹೊರಟುಹೋದಳು. ಅವಳ ಈ ಮೌನಕ್ಕೆ ನಾನು ಚಿಕ್ಕಂದಿನಿಂದಲೂ ಸೋತವನು. ಮಾರನೆಯ ಬೆಳಿಗ್ಗೆ ಸ್ಕೂಲಿಗೆ ಮುಂಚೆ ಸ್ಕೂಟರಿಗೆ ಕೋಲು ಕಟ್ಟಿದೆ.

ಮೊದಲು ನಂಜನಗೂಡಿಗೇ ಹೋದೆ. ದೇವಸ್ಥಾನದ ಹತ್ತಿರದ ಮೀನಿಗೆ ಯಾರೂ ಕೈಹಚ್ಚುವುದಿಲ್ಲ, ನಾನೂ ಹಚ್ಚುವವನಲ್ಲ. ಕೆಳಗೆ ಬಹಳ ದೂರ ಹೋಗಿ ಗಾಳ ಬಿಟ್ಟೆ. ಡ್ಯಾಮಿನಿಂದ ನೀರು ಬಿಟ್ಟಿದ್ದರು, ಕಪಿಲೆ ಕೆಂಪಗೆ ಮೈತುಂಬಿ ಹೋಗುತ್ತಿದ್ದಳು. ಬೆಂಡು ನಿಲ್ಲಲೇ ಇಲ್ಲ. ಒಂದು ಸಲ ಗಾಳಕ್ಕೆ ಏನೋ ಭಾರವಾದದ್ದು ಕಚ್ಚಿತು, ಕೋಲು ಬಿಲ್ಲಿನ ಹಾಗೆ ಬಗ್ಗಿತು. ಮಂಡಿಯುದ್ದ ನೀರಿಗಿಳಿದು ರೀಲು ಸುತ್ತಿ ಸುತ್ತಿ ಎಳೆದೆ. ಬಂದದ್ದು ಯಾರೋ ಪುಣ್ಯಾತ್ಮ ಸ್ನಾನ ಮಾಡಿ ಹೊಳೆಗೆ ಬಿಟ್ಟುಹೋದ ಹಳೆ ಪಂಚೆ. ಅದನ್ನು ಬಿಡಿಸಲು ಹೋಗಿ ಗಾಳ ಬೆರಳಿಗೆ ಚುಚ್ಚಿತು. ಆವತ್ತು ಪ್ರೇಯರಿನಲ್ಲಿ ಬೆರಳಿಗೆ ಬಟ್ಟೆ ಸುತ್ತಿಕೊಂಡು ಸೀಟಿ ಊದಿದೆ.

ಆಮೇಲೆ ಹೆಮ್ಮರಗಾಲದ ಕಡೆಯ ಒಂದು ಕೆರೆ. ಅದನ್ನು ಹರಾಜಿನಲ್ಲಿ ಹಿಡಿದವನು ಗಣಿತದ ಮೇಷ್ಟ್ರ ಗುರುತಿನವನು, ಹಾಗಾಗಿ ಬಿಟ್ಟ. ಅಲ್ಲಿ ನೀರು ನಿಂತಿತ್ತು, ಬೆಂಡು ನಿಂತಿತ್ತು, ನಿಲ್ಲದವನು ನಾನೊಬ್ಬನೇ. ಸಂಜೆವರೆಗೂ ಏರಿಯ ಉದ್ದಕ್ಕೂ ಓಡಾಡಿದೆ. ಸಿಕ್ಕಿದ್ದು ಅಂಗೈ ಅಗಲದ ಜಿಲೇಬಿ ಮೀನುಗಳು. ಚಿಕ್ಕವಾದರೂ ಮೀನೇ ತಾನೇ ಅಂತ ಕುಣಿದುಕೊಂಡು ಮನೆಗೆ ತಂದೆ. ಅಕ್ಕ ಚೀಲದ ಬಾಯಿ ಬಿಡಿಸಿ ನೋಡಿ ಹಾಗೇ ಮುಚ್ಚಿದಳು.

"ಇದ್ನ ಅವ್ವ ಮೋರಿ ಮೀನು ಅಂತಿದ್ಲು. ಮನೆ ಒಳೀಕೇ ತರಕ್ಕೆ ಬುಡ್ತಿರ್ಲಿಲ್ಲ."

"ಮತ್ತೆ ಯಾವ ಮೀನು ಬೇಕು ನಿನಗೆ?"

"ನಂಗಲ್ಲ, ಅವ್ವಂಗೆ. ಗೆಂಡೆ. ಒಳೆ ಗೆಂಡೆ."

ಈ ನಡುವೆ ಗಣಿತದ ಮೇಷ್ಟ್ರು ಮೊದಲೇ ಗೊತ್ತುಮಾಡಿದ್ದ ಮಲ್ಪೆಯ ಪ್ರವಾಸ ಬಂತು. ನಾನು ಬರುವುದಿಲ್ಲ ಅಂದೆ. "ಬಾರಲೇ, ಇಲ್ಲಿದ್ದು ಏನ್ ಕಡಿದು ಕಟ್ಟೆ ಹಾಕ್ತೀಯ? ಕಡ್ಲಿನ ಮೀನಿಗೆ ಕೆರೆ ಕಾಟ್ಲಾ ಥರ ಗಾಂಚಲಿ ಇಲ್ಲ, ಕಣ್ಮುಚ್ಕೊಂಡು ಕಚ್ತವೆ" ಅಂತ ಎಳೆದುಕೊಂಡು ಹೋದ. ಬಸ್ಸಿನಲ್ಲಿ ನಾನು ನಿದ್ದೆ ಮಾಡಲಿಲ್ಲ, ಅವನಿಗೂ ಮಾಡಲು ಬಿಡಲಿಲ್ಲ. ಅಲ್ಲಿ ಕಡಲೊಳಕ್ಕೆ ಬಂಡೆ ಪೇರಿಸಿ ಕಟ್ಟಿದ ಗೋಡೆಯ ಮೇಲೆ ನಿಂತು ಗಾಳ ಎಸೆದೆವು. ನಿಜ ಹೇಳುತ್ತೇನೆ, ಕಡಲು ನನಗೆ ಬಹಳ ಹಿಡಿಸಿತು. ನನಗಿಂತ ಹೆಚ್ಚು ಚಡಪಡಿಸುವ ಒಂದನ್ನು ನಾನು ನೋಡಿದ್ದು ಅದೇ ಮೊದಲು. ಅಲ್ಲಿ ಬೆಂಡು ನಿಲ್ಲಬೇಕು, ನಾನು ಕೂರಬೇಕು ಅನ್ನುವ ಗೋಳೇ ಇಲ್ಲ. ಅಲೆ ಬಂದಾಗ ಹಿಂದೆ ಸರಿ, ಹೋದಾಗ ಮುಂದೆ ಬಾ, ಎಸೆ, ಸುತ್ತು, ಮತ್ತೆ ಎಸೆ. ಮಧ್ಯಾಹ್ನದ ಹೊತ್ತಿಗೆ ನನ್ನ ಗಾಳಕ್ಕೆ ಮೊಳದುದ್ದದ ಒಂದು ಮೀನು ಬಂತು. ಮೈ ಬೆಳ್ಳಗೆ ಫಳಫಳ ಅನ್ನುತ್ತಿತ್ತು. ಅದರ ಹೆಸರು ಈಗಲೂ ನನಗೆ ಗೊತ್ತಿಲ್ಲ. ನನ್ನ ಜನ್ಮದಲ್ಲಿ ಹಿಡಿದ ಮೊದಲ ದೊಡ್ಡ ಮೀನು. ಅಲ್ಲೇ ಬಂಡೆಯ ಮೇಲಿಂದ ಅಕ್ಕನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ.

ಅಕ್ಕ ಫೋನನ್ನು ಮುಖದ ಹತ್ತಿರ ತಂದುಕೊಂಡು ನೋಡಿದಳು. "ಚೆಂದಾಗದೆ ಕಣೋ" ಅಂದಳು. ಆಮೇಲೆ, "ಆದ್ರೆ ಕಡ್ಲು ಮೀನ ಅವ್ವ ಬಾಯಿಗಿಕ್ತಿರ್ಲಿಲ್ಲ. ಅದು ಸತ್ತ್‌ಮೇಲೆ ಐಸ್‌ನಲ್ಲಿ ಕುಂತ್ಕಂಡು ಊರು ನೋಡಕ್ಕೆ ಬತ್ತದೆ, ನಂಗ್ಬ್ಯಾಡ ಅಂತಿದ್ಲು. ಮರ್ತ್ಬುಟ್ಯಾ?" ಅಂದಳು.

ಮರೆತಿರಲಿಲ್ಲ. ಈ ಸಲ ಆದರೂ ಒಪ್ಪಿಕೊಂಡಾಳು ಅನ್ನುವ ಆಸೆ, ಅಷ್ಟೆ. ಮೀನನ್ನು ದಡದ ಟೀ ಅಂಗಡಿಯವರಿಗೆ ಕೊಟ್ಟೆ, ಅವರು ಕರಿದು ನಮಗೇ ಬಡಿಸಿದರು. ಗಣಿತದ ಮೇಷ್ಟ್ರು ಬೆರಳು ಚೀಪಿಕೊಂಡು ತಿಂದ. ನಾನು ನನ್ನ ಪಾಲನ್ನೂ ಅವನ ತಟ್ಟೆಗೆ ಸರಿಸಿದೆ. ಅಲ್ಲಿಂದ ಊರಿಗೆ ಬರುವ ದಾರಿಯುದ್ದಕ್ಕೂ ಒಂದೇ ಯೋಚನೆ. ಅವ್ವ ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು, ಅದನ್ನೂ ನಗುತ್ತ ಕೇಳಿದ್ದಳು, ಅದೂ ನನ್ನ ಕೈಲಾಗುತ್ತಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಪಕ್ಷವೆಲ್ಲ ಕಳೆದುಹೋಗುತ್ತಿತ್ತು.

ಕೊನೆಗೆ ಅಮಾವಾಸ್ಯೆಯೇ ಬಂತು. ಸ್ಕೂಲಿಗೆ ರಜೆ, ಸಂಜೆಗೆ ಎಡೆ. ಕತ್ತಲು ಹರಿಯುವ ಮುನ್ನ ತಿರುಮಕೂಡಲಿಗೆ ಹೊರಟೆ. ನರಸೀಪುರದ ಆ ಸಂಗಮದಲ್ಲಿ ಕಾವೇರಿ, ಕಪಿಲೆ ಎರಡೂ ಸೇರುತ್ತವೆ, ಯಾವುದೋ ಒಂದು ಹೊಳೆಯ ಗೆಂಡೆ ಕರುಣೆ ತೋರಿಸೀತು ಅಂದುಕೊಂಡೆ. ಗಣಿತದ ಮೇಷ್ಟ್ರು ಬರಲಿಲ್ಲ, ಅವನ ಮನೆಯಲ್ಲೂ ಎಡೆ.

ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರಲಿಲ್ಲ. ಎಲ್ಲೆಲ್ಲಿಂದಲೋ ಬಂದ ಜನ ತಲೆ ಬೋಳಿಸಿಕೊಂಡು, ಒದ್ದೆ ಬಟ್ಟೆಯಲ್ಲಿ ಕೂತು ಪಿಂಡ ಕಟ್ಟುತ್ತಿದ್ದರು, ಎಲೆಯಲ್ಲಿಟ್ಟು ಹೊಳೆಗೆ ಬಿಡುತ್ತಿದ್ದರು. ಎಲೆ ನೀರಿಗೆ ತಾಗಿದ್ದೇ ತಡ, ಅದರ ಸುತ್ತ ನೀರು ಕುದಿದ ಹಾಗೆ ಮೀನು ಏಳುತ್ತಿದ್ದವು. ಕೆಂಪು ಕಿವಿರಿನ ದಪ್ಪ ದಪ್ಪ ಗೆಂಡೆಗಳು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅಲ್ಲಿ ಗಾಳ ಹಾಕುವುದು ಸಲ್ಲದು, ಅಷ್ಟು ಬುದ್ಧಿ ನನಗಿದೆ. ಬಹಳ ಕೆಳಗೆ, ಗುಂಪಿನ ಗದ್ದಲ ಕೇಳಿಸದಷ್ಟು ದೂರ ಹೋಗಿ ರಾಗಿ ಉಂಡೆಗೆ ಇಂಗು ಬೆರೆಸಿ ಬಿಟ್ಟೆ. ಒಂದೂ ತಿರುಗಿ ನೋಡಲಿಲ್ಲ. ಜಾಗ ಬದಲಾಯಿಸಿದೆ, ಎರೆಹುಳು ಹಾಕಿದೆ. ಊಹೂಂ. ಆಗ ತಲೆಗೆ ಹೊಳೆಯಿತು. ಬೆಳಗಿಂದ ಅನ್ನ ಉಣ್ಣುತ್ತಿರುವ ಮೀನಿಗೆ ರಾಗಿ ಯಾಕೆ ಬೇಕು? ಸ್ಕೂಟರ್ ತಿರುಗಿಸಿ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಒಂದು ಪ್ಲೇಟ್ ಬರೀ ಅನ್ನ ಕೇಳಿದೆ.

"ಸಾಂಬಾರ್ ಬ್ಯಾಡ್ವಾ ಸಾ?" ಅಂದ ಹೋಟೆಲಿನವನು.

"ಮೀನಿಗೆ ಕಣಯ್ಯ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಪೇಪರಿನಲ್ಲಿ ಕಟ್ಟಿಕೊಟ್ಟ.

ಮತ್ತೆ ಅದೇ ದಡಕ್ಕೆ ಬಂದು, ಅನ್ನಕ್ಕೆ ಚೀಲದಲ್ಲಿದ್ದ ಮೈದಾ ಕಲಸಿ ಗಾಳಕ್ಕೆ ಮೆತ್ತಿ ಬಿಟ್ಟೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಕಣ್ಣು ಬೆಂಡಿನ ಮೇಲಿರಬೇಕಿತ್ತು, ಆದರೆ ಮೇಲುಗಡೆ ಗುಂಪಿನಿಂದ ಬೇರೆಯಾಗಿ, ನನ್ನ ಕಣ್ಣಿಗೆ ಕಾಣುವಷ್ಟು ಕೆಳಗೆ ಬಂದು ಒಬ್ಬ ನೀರಲ್ಲಿ ನಿಂತಿದ್ದ. ನನ್ನ ವಯಸ್ಸೇ ಇರಬೇಕು, ತಲೆ ಹೊಸದಾಗಿ ಬೋಳಿಸಿದ್ದು ಬಿಸಿಲಿಗೆ ಹೊಳೆಯುತ್ತಿತ್ತು. ಎಲೆಯನ್ನು ನೀರಿಗೆ ಬಿಟ್ಟಾಗಿತ್ತು. ಆದರೂ ಕೈ ಹಾಗೇ ಚಾಚಿಕೊಂಡು ನಿಂತಿದ್ದ. ಅವನ ಕಡೆಯವರು ದಡದಿಂದ ಕೈಬೀಸಿ ಕರೆಯುತ್ತಿದ್ದರು, ಅವನು ತಿರುಗಲಿಲ್ಲ. ಎಲೆ ಹೋದ ದಾರಿಯನ್ನೇ ನೋಡುತ್ತಿದ್ದ. ಅವನನ್ನು ನೋಡುತ್ತ ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಕೋಲು ಕೈಯಿಂದ ಕಿತ್ತುಕೊಂಡು ಹೋಗುವ ಹಾಗೆ ಎಳೆದಾಗಲೇ ಎಚ್ಚರ. ನಾನು ಎಳೆಯುವುದನ್ನು ಮರೆತಿದ್ದೆ, ಮೀನು ತಾನೇ ನಿಧಾನವಾಗಿ ನುಂಗಿಕೊಂಡಿತ್ತು.

ಗೆಂಡೆ. ಒಳ್ಳೆ ತೂಕದ ಹೊಳೆ ಗೆಂಡೆ. ದಡದಲ್ಲಿ ಅದರ ಪಕ್ಕ ಕೂತು ಅತ್ತುಬಿಟ್ಟೆ. ಯಾರೂ ನೋಡಲಿಲ್ಲ. ನೋಡಿದ್ದರೂ ಆ ದಿನ ಆ ಊರಿನಲ್ಲಿ ಅಳುವವರನ್ನು ಯಾರೂ ಕೇಳುವುದಿಲ್ಲ.

ಮನೆಗೆ ಬಂದಾಗ ಅಕ್ಕ ಹಿತ್ತಿಲಲ್ಲಿ ಮಸಾಲೆ ರುಬ್ಬಿಸಿಕೊಂಡು ಕಾದಿದ್ದಳು, ತರುತ್ತೇನೆ ಅಂತ ನಾನು ಹೇಳಿಯೇ ಇರಲಿಲ್ಲ. ಮೀನು ನೋಡಿ ಅವಳ ಮುಖ ಅರಳಿತು. ಬಾಯಲ್ಲಿ ಮಾತ್ರ, "ಇಷ್ಟೊತ್ತು ಬೇಕಾಯ್ತಾ?" ಅಂದಳು. ಬೂದಿ ಹಚ್ಚಿ ಕಲ್ಲಿಗೆ ಉಜ್ಜಿ ಹುರುಪೆ ತೆಗೆದಳು. ಈಳಿಗೆಮಣೆಯ ಮೇಲೆ ಕೂತು ಹೊಟ್ಟೆ ಸೀಳಿದಳು. ನನ್ನ ಹೆಂಡತಿ ನೀರು ಹೊಯ್ಯುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಇಬ್ಬರ ಕೈಯೂ ನಿಂತಿತು.

ಕರುಳು ಉಬ್ಬಿಕೊಂಡಿತ್ತು. ಅಕ್ಕ ಬೆರಳಲ್ಲಿ ಒತ್ತಿದಾಗ ಅನ್ನ ಹೊರಗೆ ಬಂತು. ಬಿಳಿ ಅನ್ನ, ಅದರೊಳಗೆ ಕರಿ ಎಳ್ಳು.

"ನೀವು ಗಾಳಕ್ಕೆ ಎಳ್ಳು ಹಾಕಿದ್ರಾ?" ಅಂತ ಕೇಳಿದಳು ಹೆಂಡತಿ.

ಹಾಕಿರಲಿಲ್ಲ. ಹೋಟೆಲಿನ ಅನ್ನದಲ್ಲಿ ಎಳ್ಳು ಎಲ್ಲಿಂದ ಬರಬೇಕು? ಪಿಂಡದ ಅನ್ನ. ಯಾರದೋ ಮನೆಯ ಹಿರಿಯರಿಗೆ ಬಿಟ್ಟ ಅನ್ನವನ್ನು ಉಂಡ ಮೀನನ್ನು ನಾನು ನನ್ನ ಅವ್ವನಿಗೆ ಹಿಡಿದು ತಂದಿದ್ದೆ. ಮೆಟ್ಟಿಲು ಬಿಟ್ಟು ದೂರ ಹೋದೆನಲ್ಲ ಅಂತ ಬೀಗಿದ್ದವನಿಗೆ, ಹೊಳೆ ಹರಿಯುತ್ತದೆ, ಮೀನು ಈಜುತ್ತದೆ ಅನ್ನುವುದು ಹೊಳೆದಿರಲಿಲ್ಲ. ಆ ಬೋಳುತಲೆಯವನು ಚಾಚಿದ್ದ ಕೈ ಕಣ್ಣಮುಂದೆ ಬಂತು.

ನನಗೆ ತಡೆಯಲಾಗಲಿಲ್ಲ. "ಈಗೇನು, ಇದನ್ನೂ ಎಸೀತೀಯಾ? ಪಕ್ಷ ಪೂರ್ತಿ ನಾಯಿ ಥರ ಅಲೆದಿದ್ದೀನಿ. ಜಿಲೇಬಿ ಬ್ಯಾಡ, ಕಡಲು ಬ್ಯಾಡ. ಸೂರ್ಯ ಇಳೀತಾವ್ನೆ. ಇನ್ನೊಂದು ಮೀನು ಎಲ್ಲಿಂದ ತರ್ಲಿ ನಾನು?" ಅಂತ ಕೂಗಾಡಿದೆ. ಹಿತ್ತಿಲ ಬಾಗಿಲಿಗೂ ತೊಟ್ಟಿಗೂ ನಡುವೆ ಸುಮ್ಮನೆ ಓಡಾಡಿದೆ.

ಅಕ್ಕ ಆ ಅನ್ನವನ್ನು ಒಂದು ಅಗುಳೂ ಬಿಡದೆ ಬಾಳೆಲೆಯ ಚೂರಿಗೆ ತೆಗೆದಳು. ಎದ್ದು ಹೋಗಿ ತೆಂಗಿನಮರದ ಬುಡದಲ್ಲಿಟ್ಟು ನೀರು ಬಿಟ್ಟು ಬಂದಳು. ಮತ್ತೆ ಮಣೆಯ ಮೇಲೆ ಕೂತು ಮೀನು ತುಂಡು ಮಾಡತೊಡಗಿದಳು.

"ಇವತ್ತು ಇನ್ನೊಂದೆಲೆ ಜಾಸ್ತಿ ಆಕು" ಅಂದಳು ನನ್ನ ಹೆಂಡತಿಗೆ, ತಲೆಯೆತ್ತದೆ. "ಅವ್ವನ್ ಎಲೆ ಪಕ್ದಲ್ಲೇ. ಯಾರ್ದೋ ಮನೆ ಇರೀರು, ಅನ್ನದ್ ಜೊತೆ ನಮ್ಮನೆಗಂಟ ಬಂದವ್ರೆ. ಬಾಗ್ಲಿಗೆ ಬಂದೋರ್ನ ಅವ್ವ ಯಾವತ್ತಾರ ಅಂಗೇ ಕಳ್ಸಿದ್ಲಾ?"

ಸಂಜೆ ದೀಪ ಹಚ್ಚಿದೆವು. ಅವ್ವನ ಫೋಟೋ ಮುಂದೆ ಅಪ್ಪನಿಗೊಂದು ಎಲೆ, ಅವ್ವನಿಗೊಂದು, ಅದರ ಪಕ್ಕ ಮತ್ತೊಂದು. ಮುದ್ದೆ, ಗೆಂಡೆ ಸಾರು, ಕಜ್ಜಾಯ, ಎಲೆಅಡಿಕೆ, ಅವ್ವನ ಹೊಗೆಸೊಪ್ಪು. ಮೂರನೆಯ ಎಲೆಯವರಿಗೆ ಏನಿಷ್ಟವೋ ಯಾರಿಗೆ ಗೊತ್ತು, ಮೀನು ತಿನ್ನುವವರೋ ಇಲ್ಲವೋ. ಅಕ್ಕ ಯೋಚಿಸಿ ಆ ಎಲೆಯ ತುದಿಗೆ ಒಂದಿಷ್ಟು ಮೊಸರನ್ನವನ್ನೂ ಇಟ್ಟಳು. ಧೂಪ ಹಾಕಿ, ಕೈಮುಗಿದು, ಬಾಗಿಲು ಎಳೆದುಕೊಂಡು ಎಲ್ಲರೂ ಪಡಸಾಲೆಯಲ್ಲಿ ಕೂತೆವು.

ಅವ್ವ ಮೀನು ಉಣ್ಣುತ್ತಿದ್ದ ರೀತಿ ನೆನಪಾಯಿತು. ಗೆಂಡೆಗೆ ಮುಳ್ಳು ಬಹಳ. ಅವ್ವ ತನ್ನ ತಟ್ಟೆ ಮುಟ್ಟದೆ ಅಪ್ಪನಿಗೆ, ಅಕ್ಕನಿಗೆ, ನನಗೆ, ಬಂದಿದ್ದ ನೆಂಟರಿಗೆ, ಒಬ್ಬೊಬ್ಬರಿಗೂ ಮುಳ್ಳು ಬಿಡಿಸಿ ಬಿಡಿಸಿ ಬರೀ ಮಾಂಸ ಎತ್ತಿಡುತ್ತಿದ್ದಳು. ಅವಳು ತನ್ನ ಮುದ್ದೆ ಮುರಿಯುವ ಹೊತ್ತಿಗೆ ಅದು ಆರಿ ಗಟ್ಟಿಯಾಗಿರುತ್ತಿತ್ತು. ಆ ಹೊತ್ತಿಗೆ ನಾನು ಕೈ ತೊಳೆದು ಬೀದಿಗೆ ಓಡಿರುತ್ತಿದ್ದೆ. ಅವ್ವ ಮೀನು ತಿನ್ನುವುದನ್ನು ನಾನು ಕೂತು ಒಂದು ದಿನವೂ ನೋಡಲಿಲ್ಲ.

ಹೊತ್ತು ಆಯಿತು. ಮಕ್ಕಳು ಹಸಿವು ಅಂತ ಪಿಸುಗುಟ್ಟಿದರು. ಅಕ್ಕ ಮೊಣಕಾಲಿಗೆ ಕೈಯೂರಿ ಎದ್ದು, ಕೆಮ್ಮಿ, ಬಾಗಿಲು ತಟ್ಟಲು ಕೈಯೆತ್ತಿದಳು. ನಾನು ಅವಳ ಸೆರಗು ಹಿಡಿದು ಕೂರಿಸಿದೆ.

"ಕುಂತ್ಕೊ ಅಕ್ಕ" ಅಂದೆ. "ಪಕ್ಕದ್ ಎಲೆಯೋರ್ಗೆ ಇನ್ನೂ ಮುಳ್ಳು ಬಿಡಿಸ್ಕೊಡ್ತಿರ್ತಾಳೆ. ಅವ್ಳು ಉಣ್ಲಿ."